ಅರ್ಗೊನಾಟದ ಚಿಪ್ಪು ಮತ್ತು ಝಾನ್ ವಿಲ್‌ಪ್ರೋ ಪವರ್

ಮೆಡಿಟರೇನಿಯನ್ ಕಡಲಿನಲ್ಲಿ ಅರ್ಗೊನಾಟವೆಂಬ ಜೀವಿಯೊಂದುಂಟು. ಎಂಟು ತೋಳುಗಳ ಆಕ್ಟೋಪಸ್ ಕುಲಕ್ಕೆ ಸೇರಿದ ಇದು ನಮ್ಮ ಕರಾವಳಿಯ ಮೀನುಪೇಟೆಯಲ್ಲಿ ಬೊಂಡಾಸ್ ಎಂಬ ಹೆಸರಿನಿಂದ ಮಾರುವ ಪ್ರಾಣಿಗೆ ದೂರದ ನಂಟು. ಇದರ ಹೆಣ್ಣು ಕಾಗದದಷ್ಟು ತೆಳುವಾದ, ಬಿಳಿಯ ಚಿಪ್ಪಿನಲ್ಲಿ ವಾಸಿಸುತ್ತದೆ. ಆದರೆ ಬಸವನಹುಳುವಿನ ಮೈ ಅದರ ಚಿಪ್ಪಿಗೆ ಅಂಟಿಕೊಂಡಿರುವಂತೆ ಇದರ ಮೈ ಅಂಟಿಕೊಂಡಿಲ್ಲ. ಹಾಗಾದರೆ ಆ ಚಿಪ್ಪು ಅದರದೇ ಸೃಷ್ಟಿಯೋ, ಬೇರೊಂದು ಪ್ರಾಣಿಯದನ್ನು ಅಪಹರಿಸಿದ್ದೋ? ತೋಳುಗಳ ನಡುವಿನ ಪೊರೆಯನ್ನು ಹಾಯಿಯಂತೆ ಬಿಚ್ಚಿ ಈ ಪ್ರಾಣಿ ಕಡಲ ಮೇಲೆ ತೇಲುತ್ತದೆಂದು ಬರೆದ ಅರಿಸ್ಟಾಟಲನ ಕಾಲದಿಂದಲೂ ವಿಷಯ ಇತ್ಯರ್ಥವಾಗಿರಲಿಲ್ಲ. ಸತ್ತ ಶಂಖದೊಳಗೆ ಹೊಕ್ಕು ಬಾಳುವ ಏಡಿಯಂತೆ ಇದೂ ಪರರ ಮನೆಯ ಒಕ್ಕಲೆಂದು 19ನೆಯ ಶತಮಾನದ ಆರಂಭದಲ್ಲಿ ವಾದಿಸಿದವರಲ್ಲಿ ಪ್ಯಾರಿಸಿನ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ಬ್ಲೆನ್‌ವಿಲ್ ಪ್ರಮುಖನು.

ಈ ವ್ಯಾಜ್ಯವನ್ನು ಬಗೆಹರಿಸಿದಾಕೆ ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತದ, ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಗಸು ಎಂಬುದನ್ನು ನಾವು ಸ್ವಲ್ಪ ನಿಂತು ನೆನೆಯಬೇಕು.

ಝಾನ್ ವಿಲ್‌ಪ್ರೋ 1794ರಲ್ಲಿ ಫ್ರಾನ್ಸಿನ ಕೊರೇಜ್ ಪ್ರಾಂತದ ಜೂಯಾಕ್ ಎಂಬ ಹಳ್ಳಿಯಲ್ಲಿ ಜನಿಸಿದಳು. ಹದಿನೆಂಟರ ಪ್ರಾಯದಲ್ಲಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪ್ಯಾರಿಸಿಗೆ ಕಾಲ್ನಡಿಗೆಯಲ್ಲೇ ಹೋದಳೆಂದು ಹೇಳುತ್ತಾರೆ. ಅಲ್ಲಿ ಉಡುಪು ಹೊಲಿಯುವವಳ ಬಳಿ ಕೆಲಸಕ್ಕೆ ನಿಂತಳು. 1816ರಲ್ಲಿ ಬೆರಿಯ ಡ್ಯೂಕನನ್ನು ವರಿಸಿದ ರಾಜಕುಮಾರಿ ಕ್ಯಾರೊಲಿನಳ ಮದುವೆಯ ಉಡುಪನ್ನು ಸಿದ್ಧಪಡಿಸಿದ ಕೈ ಈಕೆಯದು. ಆ ಕೀರ್ತಿಯಿಂದಲೇ ಜೇಮ್ಸ್ ಪವರ್ ಎಂಬ ವರ್ತಕನ ಪರಿಚಯವಾಗಿ, 1818ರಲ್ಲಿ ಮದುವೆಯಾಗಿ, ಸಿಸಿಲಿಯ ಮೆಸ್ಸೀನಾದಲ್ಲಿ ಸಂಸಾರ ಹೂಡಿದಳು. ಇನ್ನು ಸೂಜಿ ಹಿಡಿಯುವ ಅಗತ್ಯವಿರಲಿಲ್ಲ. ಆಕೆ ಇಡೀ ದ್ವೀಪವನ್ನು ಸುತ್ತಿ ಗಿಡ, ಚಿಟ್ಟೆ, ಪಳೆಯುಳಿಕೆ, ಚಿಪ್ಪುಗಳನ್ನು ಸಂಗ್ರಹಿಸಿದಳು. ಸಿಸಿಲಿಗೊಂದು ಪ್ರವಾಸ ಕೈಪಿಡಿಯನ್ನೂ ರಚಿಸಿದಳು. ತಾಯ್ನುಡಿ ಫ್ರೆಂಚಾದರೂ ಸಿಸಿಲಿಯಲ್ಲಿದ್ದಾಗ ಆಕೆ ಪ್ರಕಟಿಸಿದ್ದು ಬಹುಮಟ್ಟಿಗೆ ಇಟಾಲಿಯನ್ನಿನಲ್ಲಿ. ಎರಡು ಭಾಷೆಗಳ ನಡುವೆ ಬಾಳುವ ಗಡಿನಾಡಿನ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ಅಂದಿನ ಪಂಡಿತರು ಕಡಲ ಪ್ರಾಣಿಯನ್ನು ಅರಿಯುತ್ತಿದ್ದುದು ಬಹುತೇಕ ಮದ್ಯಸಾರದ ಜಾಡಿಯಲ್ಲಿ, ಅದು ಸತ್ತ ಮೇಲೆ. ಅರ್ಗೊನಾಟದ ಪ್ರಶ್ನೆಗೆ ಹೆಣ ಉತ್ತರಿಸಲಾರದು; ಜೀವಂತ ಪ್ರಾಣಿಯನ್ನು ದಿನಗಟ್ಟಲೆ ನೋಡಬೇಕಿತ್ತು. ಅದಕ್ಕಾಗಿ ಝಾನ್ 1832ರ ಸುಮಾರಿಗೆ ಮೂರು ಬಗೆಯ ಸಾಧನಗಳನ್ನು ರೂಪಿಸಿದಳು: ಮನೆಯೊಳಗೆ ಇರಿಸಿಕೊಳ್ಳುವ ಗಾಜಿನ ತೊಟ್ಟಿ, ಹೊರಗೆ ಪಂಜರವಿದ್ದು ಕಡಲಲ್ಲಿ ಮುಳುಗಿಸಿ ಮೇಲೆತ್ತಬಹುದಾದ ಗಾಜಿನ ಪಾತ್ರೆ, ದೊಡ್ಡ ಪ್ರಾಣಿಗಳಿಗಾಗಿ ಲಂಗರು ಹಾಕಿ ನಿಲ್ಲಿಸುವ ಪಂಜರ. ಇಂದು ಅಂಗಡಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಬಣ್ಣದ ಮೀನುಗಳನ್ನಿಟ್ಟು ತೋರಿಸುವ ತೊಟ್ಟಿಯ ಪೂರ್ವಜ ಇವುಗಳಲ್ಲಿ ಮೊದಲನೆಯದು. ಅಕ್ವೇರಿಯಂ ಎಂಬ ಹೆಸರನ್ನು ಇಂಗ್ಲೆಂಡಿನ ಗಾಸ್ ಬಳಕೆಗೆ ತಂದದ್ದು 1850ರ ದಶಕದಲ್ಲಿ.

ಆಕೆಯ ಪ್ರಯೋಗ ಸರಳವಾಗಿತ್ತು, ಬೇಕಾಗಿದ್ದುದು ತಾಳ್ಮೆ. ತಾಯಿಯ ಚಿಪ್ಪಿನೊಳಗಿನ ಮೊಟ್ಟೆಗಳನ್ನು ಗಮನಿಸಿದಳು. ಮರಿಗಳು ಹೊರಬಂದಾಗ ಅವುಗಳಿಗೆ ಚಿಪ್ಪಿರಲಿಲ್ಲ. ಕೆಲವು ದಿನಗಳ ಬಳಿಕ ಅವು ಚಿಪ್ಪು ಕಟ್ಟತೊಡಗಿದವು. ಬೆಳೆದ ಪ್ರಾಣಿಯ ಚಿಪ್ಪಿನ ಅಂಚನ್ನು ಮುರಿದು ನೋಡಿದಳು. ಅದು ತನ್ನ ಎರಡು ಅಗಲ ತೋಳುಗಳ ಪೊರೆಯನ್ನು ಮುರಿದೆಡೆಗೆ ಹರಡಿ, ಒಸರಿದ ದ್ರವ್ಯದಿಂದ ತೂತನ್ನು ಮುಚ್ಚಿತು. ಎರಡು ಸಾವಿರ ವರ್ಷ ಹಾಯಿಯೆಂದು ನಂಬಿದ್ದ ಅಂಗ ವಾಸ್ತವದಲ್ಲಿ ಮನೆ ಕಟ್ಟುವ ಕರಣಿಯಾಗಿತ್ತು! ಹರಿದುದನ್ನು ಹೊಲಿದು ಬಲ್ಲ ಕಣ್ಣಿಗೆ ಈ ತೇಪೆಯ ಕೆಲಸ ಬೇಗ ಗೋಚರಿಸಿತೆಂದು ನಮಗೆ ತೋರುತ್ತದೆ. ಇದು ನಮ್ಮ ಊಹೆಯಷ್ಟೆ.

ಕತಾನಿಯದ ಜೋಯೇನಿಯ ಅಕಾಡೆಮಿ ಆಕೆಯ ವರದಿಗಳನ್ನು ಪ್ರಕಟಿಸಿ, ಆಕೆಗೆ ಸದಸ್ಯತ್ವವನ್ನೂ ನೀಡಿತು. ಅನುಮಾನಿಸಿದವರು ಮಾತ್ರ ಸುಲಭವಾಗಿ ಮಣಿಯಲಿಲ್ಲ. ಝಾನ್ ತನ್ನ ಮಾದರಿಗಳನ್ನು ಲಂಡನ್ನಿನ ರಿಚರ್ಡ್ ಓವೆನ್ನನಿಗೆ ಕಳುಹಿಸಿದಳು. 1839ರಲ್ಲಿ ಅವನು ಅವುಗಳನ್ನು ಅಲ್ಲಿನ ಪ್ರಾಣಿಶಾಸ್ತ್ರ ಸಂಘದ ಮುಂದಿರಿಸಿ, ಆಕೆಯ ಪರವಾಗಿ ನಿಂತನು. ಸಾಕ್ಷ್ಯ ಆಕೆಯದೇ ಆಗಿದ್ದರೂ ಅದನ್ನು ಸಭೆಯ ಮುಂದಿಡಲು ಒಬ್ಬ ಗಂಡಸಿನ ನಾಲಗೆ ಬೇಕಾಯಿತು. ಅದೇ ವರ್ಷ ಮೆಸ್ಸೀನಾದಲ್ಲಿ ಆಕೆಯ ಪ್ರಯೋಗಗಳ ಪುಸ್ತಕ ಅಚ್ಚಾಯಿತು. 1858ರಲ್ಲಿ ಓವೆನ್, ಅಕ್ವೇರಿಯಂ ಆವಿಷ್ಕಾರದ ಶ್ರೇಯಸ್ಸೂ ಆಕೆಗೇ ಸಲ್ಲಬೇಕೆಂದು ಬರೆದನು.

ದಂಪತಿಗಳು 1843ರ ಹೊತ್ತಿಗೆ ಸಿಸಿಲಿಯನ್ನು ತೊರೆದರು. ಆಕೆಯ ಸಂಗ್ರಹದ, ಟಿಪ್ಪಣಿಗಳ ಹಾಗೂ ಚಿತ್ರಗಳ ದೊಡ್ಡ ಭಾಗವನ್ನು ಹೊತ್ತ ಹಡಗು ಮುಳುಗಿಹೋಯಿತು. ಆ ಬಳಿಕ ಆಕೆ ಲಂಡನ್, ಪ್ಯಾರಿಸುಗಳಲ್ಲಿ ಬಾಳಿದಳು, ಬರೆದಳು. ಆದರೆ ಮೆಸ್ಸೀನಾದ ಕಡಲಂಚಿನಲ್ಲಿ ನಡೆಸಿದಂಥ ದೀರ್ಘ ವೀಕ್ಷಣೆಗೆ ಮತ್ತೆ ಕೈಹಾಕಲಿಲ್ಲ. ಶತಮಾನಕ್ಕೂ ಮಿಕ್ಕಿ ಆಕೆಯ ಹೆಸರು ಮರೆವಿಗೆ ಸಂದಿತ್ತು. 1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ಅದನ್ನಿರಿಸಿದರು; ತೊಟ್ಟು ಕಡಲೂ ಇಲ್ಲದ ನೆಲ ಅದು.

1870ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸನ್ನು ಮುತ್ತಿದಾಗ ಝಾನ್ ಆ ನಗರವನ್ನು ಬಿಟ್ಟು ಹುಟ್ಟೂರಿಗೆ ಮರಳಿದಳು. 1871ರ ಜನವರಿಯಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಜೂಯಾಕಿನಲ್ಲಿಯೇ ತೀರಿಕೊಂಡಳು.