ಹೊಸ ಸ್ಪೀಕರ್ ಪಳಗೋದು ನಿಜಾನಾ?

ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಸವಾಯಿ ಗಂಧರ್ವ. ಅದನ್ನ ಕೇಳಿ ಬಂದಮೇಲೆ ಮನೇಲೂ ಒಳ್ಳೆ ಸ್ಪೀಕರ್ ಇರ್ಬೇಕು ಅನ್ಸುತ್ತೆ. ಅಂಗಡಿಯಲ್ಲಿ ಒಂದು ಮಾತು ಹೇಳ್ತಾರೆ: ನೂರು ಗಂಟೆ ಓಡಿಸಿ, ಆಮೇಲೆ ದನಿ ತೆರೆಯುತ್ತೆ. ನಿಜಾನಾ?

ಸ್ವಲ್ಪ ಹಿಂದೆ ಹೋಗೋಣ. 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಕಾಗದದ ಕೋನ್, ಕಾಯಿಲ್, ಆಯಸ್ಕಾಂತ ಸೇರಿಸಿ ಮಾಡಿದ ಸ್ಪೀಕರಿನ ತತ್ವವೇ ಇವತ್ತಿಗೂ ನಡೀತಿದೆ. ಇವತ್ತಿನ ಸ್ಪೀಕರಲ್ಲಿ ಕೋನನ್ನ ಹಿಂದಿನಿಂದ ಹಿಡಿದಿರೋದು ಸ್ಪೈಡರ್, ಅಂದ್ರೆ ರೆಸಿನ್‌ನಲ್ಲಿ ಅದ್ದಿ ಗಟ್ಟಿ ಮಾಡಿದ ನೆರಿಗೆ ಬಟ್ಟೆ. ಮೊದಮೊದಲು ಅಲುಗಾಡಿದಾಗ ಅದರ ಬಿಗಿ ಸಡಿಲವಾಗುತ್ತೆ. ಹಾಗಾಗಿ ಬದಲಾವಣೆ ಸುಳ್ಳಲ್ಲ.

ಎಷ್ಟು ಅನ್ನೋದೇ ಪ್ರಶ್ನೆ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲೆ, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಸ್ಪೀಕರು-ಡಬ್ಬಿ ಎರಡನ್ನೂ ಸೇರಿಸಿ ಲೆಕ್ಕ ಹಾಕೋ ದಾರಿ ಕೊಟ್ಟರು. ಒಂದು ಉದಾಹರಣೆ ನೋಡಿ. ಬರೀ ಸ್ಪೀಕರಿನ ರೆಸೊನೆನ್ಸ್ 50 ಹರ್ಟ್ಝ್, ಅದರ ಸ್ಪ್ರಿಂಗಿಗೆ ಸಮನಾದ ಗಾಳಿ 20 ಲೀಟರ್, ಮುಚ್ಚಿದ ಡಬ್ಬಿ 10 ಲೀಟರ್ ಅಂತ ಇಟ್ಕೊಳ್ಳಿ. ಡಬ್ಬಿಯೊಳಗೆ ರೆಸೊನೆನ್ಸ್ ಸುಮಾರು 86.6 ಆಗುತ್ತೆ. ಈಗ ಸ್ಪೈಡರ್ 20 ಶೇಕಡಾ ಮೆದುವಾಯ್ತು ಅನ್ನೋಣ. ಬರೀ ಸ್ಪೀಕರ್ 45.6ಕ್ಕೆ ಇಳಿಯುತ್ತೆ, ಸುಮಾರು 9 ಶೇಕಡಾ. ಡಬ್ಬಿಯೊಳಗೆ? 84.2. ಮೂರು ಶೇಕಡಾನೂ ಇಲ್ಲ! ಯಾಕಂದ್ರೆ ಅಲ್ಲಿ ದೊಡ್ಡ ಸ್ಪ್ರಿಂಗ್ ಬಟ್ಟೆ ಅಲ್ಲ, ಒಳಗಿನ ಗಾಳಿ. ಗಾಳಿ ಪಳಗೋದಿಲ್ಲ.

'ತಂಬೂರಿಗೂ ಹೊಸ ತಂತಿ ಹಾಕಿದ್ರೆ ಕೂರೋಕೆ ಟೈಮ್ ಬೇಕಲ್ವಾ?' ಅಂತ ಕೇಳಬಹುದು. ಹೌದು, ನಾವು ಹುಬ್ಬಳ್ಳಿ ರೈಲಲ್ಲಿ ದಾಟೋ ಮಿರಜಿನಲ್ಲಿ ಮಾಡಿದ ತಂಬೂರಿಯಾದರೂ ಹೊಸ ತಂತಿ ಹಿಗ್ಗುತ್ತೆ, ಶ್ರುತಿ ಇಳಿಯುತ್ತೆ. ಆದ್ರೆ ಹಾಡುವವರು ಆ ಕ್ಷಣವೇ ಕೇಳಿ ಸರಿಮಾಡ್ತಾರೆ. ಪಕ್ಕದಲ್ಲೇ ಷಡ್ಜ ಇರುತ್ತೆ, ಹೋಲಿಸೋಕೆ. ಸ್ಪೀಕರ್ ವಿಷಯದಲ್ಲಿ ನಾವು ಹೋಲಿಸೋದು ತಿಂಗಳ ಹಿಂದಿನ ನೆನಪಿನ ಜೊತೆ. ಅಷ್ಟರಲ್ಲಿ ಪಳಗಿರೋದು ಹೆಚ್ಚಾಗಿ ನಮ್ಮ ಕಿವಿ.

ಇದು ಬರೀ ಚರ್ಚೆ ಅಲ್ಲ, ದುಡ್ಡಿನ ಮಾತು. ಆಫೀಸ್ ಮುಗಿಸಿ ದಿನಕ್ಕೆ ಎರಡು ಗಂಟೆ ಕೇಳಿದ್ರೆ ನೂರು ಗಂಟೆಗೆ 50 ದಿನ. ವಾಪಸ್ ಕೊಡೋ ಗಡುವು ಅಷ್ಟೊತ್ತಿಗೆ ಮುಗಿದಿರುತ್ತೆ.

ಹಾಗಾಗಿ ಜೋಡಿ ತಂದ ದಿನವೇ ಒಂದನ್ನ ರಾತ್ರಿಯಿಡೀ ಓಡಿಸಿ, ಇನ್ನೊಂದನ್ನ ಸುಮ್ಮನಿಡಿ. ಬೆಳಿಗ್ಗೆ ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ವಾಲ್ಯೂಮಿನಲ್ಲಿ, ಯಾವುದು ಅಂತ ನಿಮಗೆ ಹೇಳದೆ ಮನೆಯವರು ಬದಲಾಯಿಸಿ ಕೇಳಿಸಲಿ. ವ್ಯತ್ಯಾಸ ಗೊತ್ತಾಗದಿದ್ದರೆ ಕಾಯೋದು ಬೇಡ. ದನಿ ಇವತ್ತು ಇಷ್ಟವಾಗದಿದ್ದರೆ ಇವತ್ತೇ ವಾಪಸ್ ಕೊಡಿ.