ಲೋಹಗಾಂವ್ ಯಾವ ಆವೃತ್ತಿಯಲ್ಲಿದೆ?

ಪುಣೆಯ ವಿಮಾನ್ ನಗರದಲ್ಲಿ ನನ್ನ ಅಕ್ಕನ ಮನೆಯಿದೆ. ಹೆಸರಿಗೆ ತಕ್ಕ ಹಾಗೆ ದಿನವಿಡೀ ತಲೆಯ ಮೇಲೆ ಸದ್ದು. ಲೋಹಗಾಂವ್ ವಾಯುನೆಲೆ ಹತ್ತಿರವೇ ಇರುವುದರಿಂದ, ಸುಖೋಯ್ ಹಾರಿದಾಗ ಮಾತು ಅರ್ಧಕ್ಕೆ ನಿಲ್ಲಿಸಿ, ಸದ್ದು ಇಳಿದ ಮೇಲೆ ಮುಂದುವರಿಸುವುದು ಆ ಮನೆಯವರಿಗೆ ರೂಢಿಯಾಗಿಬಿಟ್ಟಿದೆ. ಅಲ್ಲಿ ಬೆಳೆದ ಹುಡುಗನಿಗೆ ಪೈಲಟ್ ಆಗಬೇಕೆಂಬ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹನ್ನೆರಡನೇ ತರಗತಿ ಮುಗಿಸಿದ ಅಳಿಯ ಒಂದು ದಿನ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿಕೊಂಡ. ಪರದೆಯ ಮೇಲೆ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024’ರ ನಾಲ್ಕು ಆವೃತ್ತಿಗಳು ಸಾಲಾಗಿ ನಿಂತಿದ್ದವು: ಸ್ಟ್ಯಾಂಡರ್ಡ್, ಡಿಲಕ್ಸ್, ಪ್ರೀಮಿಯಂ ಡಿಲಕ್ಸ್, ಏವಿಯೇಟರ್. ಅಮೆರಿಕದಲ್ಲಿ ಬಿಡುಗಡೆಯಾದಾಗ ಇವುಗಳ ಬೆಲೆ ಸುಮಾರು 70, 100, 130 ಮತ್ತು 200 ಡಾಲರ್. ಮೊದಲನೆಯದಕ್ಕೂ ಕೊನೆಯದಕ್ಕೂ ಹೆಚ್ಚುಕಡಿಮೆ ಮೂರು ಪಟ್ಟು ಅಂತರ. “ಮಾಮಾ, ಇದರಾಗ ಯಾವುದು ತಗೋಬೇಕು?” ಎಂದ. ಹಿಂದೆ ನಿಂತಿದ್ದ ಭಾವನ ಪ್ರಶ್ನೆ ಬೇರೆಯಿತ್ತು. “ಇದನ್ನ ಆಡಿದ್ದು ತಾಸಿನ ಲೆಕ್ಕಕ್ಕ ಬರ್ತದೇನು?”

ಭಾವ ಕೇಳಿದ್ದು ಹಾರಾಟದ ತಾಸುಗಳ ಬಗ್ಗೆ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ತಾಸುಗಳ ಹಾರಾಟ ಬೇಕು. ಅದಕ್ಕೆ ತಗಲುವುದು ಹಲವು ಲಕ್ಷ ರೂಪಾಯಿ. ಮನೆಯ ಕಂಪ್ಯೂಟರಿನಲ್ಲಿ ಎಷ್ಟು ಹಾರಿದರೂ ಅದರಲ್ಲಿ ಒಂದು ನಿಮಿಷವೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಭಾವನಿಗೆ ಅಷ್ಟನ್ನು ಹೇಳಿದೆ. ಅಳಿಯನ ಪ್ರಶ್ನೆಗೆ ಮಾತ್ರ ಉತ್ತರ ಹುಡುಕಬೇಕಾಯಿತು. ಹುಡುಕುತ್ತ ಹೋದರೆ ಈ ಆಟದ ನಲವತ್ತು ವರ್ಷಕ್ಕೂ ಮಿಕ್ಕ ಚರಿತ್ರೆ ಬಿಚ್ಚಿಕೊಂಡಿತು.

ಬ್ರೂಸ್ ಆರ್ಟ್‌ವಿಕ್ ಎಂಬ ವಿದ್ಯಾರ್ಥಿ 1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಿಂದ ಈ ಕತೆ ಶುರುವಾಗುತ್ತದೆ. ವಿಮಾನದ ಕಿಟಕಿಯಿಂದ ಕಾಣುವ ದೃಶ್ಯವನ್ನು ಕಂಪ್ಯೂಟರಿನಿಂದ ಬಿಡಿಸುವುದು ಹೇಗೆ ಎಂಬುದು ಅದರ ವಿಷಯ. ಮುಂದೆ ಅವರು ‘ಸಬ್‌ಲಾಜಿಕ್’ ಎಂಬ ಕಂಪನಿ ಕಟ್ಟಿ, ಆಪಲ್ 2 ಯಂತ್ರಕ್ಕೆ ಬರಿಯ ಗೆರೆಗಳಲ್ಲಿ ಬಿಡಿಸಿದ ಹಾರಾಟದ ಆಟ ತಂದರು. 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ಐಬಿಎಂ ಪಿಸಿಗೆ ಹೊರತಂದಿತು. ಆಗ ಯಾವ ಆವೃತ್ತಿ ಎಂಬ ಪ್ರಶ್ನೆಯೇ ಇರಲಿಲ್ಲ. ನಿಮ್ಮ ಯಂತ್ರ ಯಾವುದು ಎಂಬುದಷ್ಟೇ ಪ್ರಶ್ನೆ. ಐಬಿಎಂಗೆ ಸರಿಸಮ ಎಂದು ಹೇಳಿಕೊಂಡು ಬೇರೆ ಕಂಪನಿಗಳ ಯಂತ್ರಗಳು ಮಾರುಕಟ್ಟೆಗೆ ಬಂದಾಗ, ಆ ಮಾತು ಎಷ್ಟು ನಿಜ ಎಂದು ನೋಡಲು ಜನ ಅದರಲ್ಲಿ ಲೋಟಸ್ 1-2-3 ಮತ್ತು ಫ್ಲೈಟ್ ಸಿಮ್ಯುಲೇಟರ್ ಎರಡನ್ನೂ ಓಡಿಸಿ ನೋಡುತ್ತಿದ್ದರು.

ಆ ಆಟದ ಜಗತ್ತು ಬಹಳ ಸಣ್ಣದು. ಶುರುವಾಗುತ್ತಿದ್ದುದು ಷಿಕಾಗೊ ನಗರದ ಸರೋವರದ ದಂಡೆಯಲ್ಲಿದ್ದ ಮೆಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣದಿಂದ. ಇನ್ನೂ ಹೆಚ್ಚು ಭೂಮಿ ಬೇಕಾದವರು ಸಬ್‌ಲಾಜಿಕ್ ಮಾರುತ್ತಿದ್ದ ಭೂದೃಶ್ಯದ ಫ್ಲಾಪಿಗಳನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಅಮೆರಿಕದ ಒಂದೊಂದು ಭಾಗಕ್ಕೆ ಒಂದೊಂದು ಫ್ಲಾಪಿ. ಜಪಾನಿಗೆ ಒಂದು, ಪಶ್ಚಿಮ ಯುರೋಪಿಗೆ ಒಂದು. ಹೆಚ್ಚು ಕಾಸು ಕೊಟ್ಟರೆ ಹೆಚ್ಚು ನೆಲ ಎಂಬ ಪದ್ಧತಿ ಅಲ್ಲಿಂದಲೇ ಬಂದದ್ದು. ಆ ನೆಲ ಯಾರದು ಎಂಬುದನ್ನು ಕೊಳ್ಳುವವರ ಸಂಖ್ಯೆ ತೀರ್ಮಾನಿಸುತ್ತಿತ್ತು.

ಒಂದೇ ಆಟವನ್ನು ಎರಡು ಬೆಲೆಗೆ ಮಾರುವ ಕ್ರಮ ಬಂದದ್ದು 1999ರ ‘ಫ್ಲೈಟ್ ಸಿಮ್ಯುಲೇಟರ್ 2000’ರೊಂದಿಗೆ. ಸ್ಟ್ಯಾಂಡರ್ಡ್ ಒಂದು, ಪ್ರೊಫೆಷನಲ್ ಇನ್ನೊಂದು. ಹೆಸರು ನೋಡಿ ವೃತ್ತಿಪರ ಪೈಲಟ್‌ಗಳಿಗೆ ಬೇರೆಯೇ ಲೆಕ್ಕಾಚಾರ ಇರಬೇಕು ಎಂದುಕೊಂಡವರು ಮೋಸಹೋದರು. ರೆಕ್ಕೆಯ ಮೇಲೆ ಗಾಳಿ ಹರಿಯುವ ಗಣಿತ ಎರಡರಲ್ಲೂ ಒಂದೇ. ಹೆಚ್ಚಿನ ದುಡ್ಡಿಗೆ ಸಿಕ್ಕಿದ್ದು ಕಿಂಗ್ ಏರ್ 350, ಮೂನಿ ಬ್ರಾವೊ ಎಂಬ ಎರಡು ವಿಮಾನಗಳು ಮತ್ತು ರೋಮ್, ಬರ್ಲಿನ್, ಟೋಕಿಯೊದಂಥ ಇನ್ನಷ್ಟು ನಗರಗಳ ವಿವರವಾದ ಚಿತ್ರಣ. ಆದರೆ ಅದೇ ಆಟದಲ್ಲಿ, ಎರಡೂ ಆವೃತ್ತಿಗಳಲ್ಲಿ, ಜಗತ್ತಿನ 20,000ಕ್ಕೂ ಹೆಚ್ಚು ನಿಲ್ದಾಣಗಳು ಸೇರಿದ್ದವು. ದೊಡ್ಡ ಸುದ್ದಿ ಅದು. ಅದಕ್ಕೆ ಬೇರೆ ಬೆಲೆ ಇರಲಿಲ್ಲ.

2003ರಲ್ಲಿ ರೈಟ್ ಸಹೋದರರ ಹಾರಾಟಕ್ಕೆ ನೂರು ವರ್ಷ ತುಂಬಿದಾಗ ಬಂದ ಆಟಕ್ಕೆ ಒಂದೇ ಆವೃತ್ತಿ. ಒಂಬತ್ತು ಐತಿಹಾಸಿಕ ವಿಮಾನಗಳು ಎಲ್ಲರಿಗೂ ಸಿಕ್ಕವು. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಷಿಕಾಗೊದ ಮೇಯರ್ ರಾತ್ರೋರಾತ್ರಿ ಬುಲ್ಡೋಜರ್ ಕಳಿಸಿ ಮೆಗ್ಸ್ ಫೀಲ್ಡಿನ ರನ್‌ವೇ ಅಗೆಸಿಹಾಕಿದ್ದರು. ನೆಲದ ಮೇಲೆ ಇಲ್ಲವಾದ ನಿಲ್ದಾಣ ಆಟದಲ್ಲಿ ಉಳಿದುಕೊಂಡಿತು.

2006ರ ‘ಫ್ಲೈಟ್ ಸಿಮ್ಯುಲೇಟರ್ ಎಕ್ಸ್’ನಲ್ಲಿ ಮತ್ತೆ ಎರಡು ಆವೃತ್ತಿ. ಸ್ಟ್ಯಾಂಡರ್ಡ್‌ನಲ್ಲಿ 18 ವಿಮಾನ, ಡಿಲಕ್ಸ್‌ನಲ್ಲಿ 24. ಡಿಲಕ್ಸ್‌ನ ಮುಖ್ಯ ಆಕರ್ಷಣೆ ಜಿ1000. ಮುಳ್ಳಿನ ಮಾಪಕಗಳ ಬದಲು ಪರದೆಗಳ ಮೇಲೆ ಎಲ್ಲ ಮಾಹಿತಿ ತೋರಿಸುವ ಗಾರ್ಮಿನ್ ಕಂಪನಿಯ ಉಪಕರಣ ಅದು; ಆಗಿನ್ನೂ ಹೊಸದು. ಆದರೆ ಆ ಕಾಲದ ಒಳ್ಳೆಯ ಕಂಪ್ಯೂಟರುಗಳೂ ಈ ಆಟದ ಭಾರಕ್ಕೆ ತಿಣುಕಿದವು. ಡಿಲಕ್ಸ್ ಕೊಂಡವನ ಯಂತ್ರ ದುರ್ಬಲವಾಗಿದ್ದರೆ ಅವನಿಗಿಂತ ಸ್ಟ್ಯಾಂಡರ್ಡ್ ಕೊಂಡು ಉಳಿದ ದುಡ್ಡಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವನು ಚೆನ್ನಾಗಿ ಹಾರಿದ.

2009ರಲ್ಲಿ ಮೈಕ್ರೋಸಾಫ್ಟ್ ಆ ಆಟ ಕಟ್ಟಿದ ತಂಡವನ್ನೇ ಮುಚ್ಚಿತು. ಅದರ ತಂತ್ರಾಂಶದ ಹಕ್ಕು ಪಡೆದ ಲಾಕ್‌ಹೀಡ್ ಮಾರ್ಟಿನ್ ‘ಪ್ರಿಪೇರ್ಡ್’ ಎಂಬ ಹೆಸರಿನಲ್ಲಿ ತರಬೇತಿಗೆಂದು ಅದನ್ನು ಮುಂದುವರಿಸಿತು. ಅಲ್ಲಿ ವಿದ್ಯಾರ್ಥಿಗಳ ಅಕಾಡೆಮಿಕ್ ಪರವಾನಗಿಗೆ ಸುಮಾರು 60 ಡಾಲರ್, ಪ್ರೊಫೆಷನಲ್‌ಗೆ 200. ಹಾರುವ ವಿಮಾನ ಅದೇ, ಷರತ್ತಿನ ಕಾಗದ ಮಾತ್ರ ಬೇರೆ. ಬರೀ ಮನರಂಜನೆಗೆ ಬಳಸಬಾರದು ಎಂಬುದು ಅದರಲ್ಲೊಂದು ಷರತ್ತು. ಇದಕ್ಕೆ ತದ್ವಿರುದ್ಧ ಮಾದರಿ ‘ಫ್ಲೈಟ್‌ಗಿಯರ್’. 1990ರ ದಶಕದಿಂದಲೂ ಸ್ವಯಂಸೇವಕರು ಕಟ್ಟಿಕೊಂಡು ಬಂದಿರುವ ಈ ಮುಕ್ತ ತಂತ್ರಾಂಶಕ್ಕೆ ಬೆಲೆಯೂ ಇಲ್ಲ, ಆವೃತ್ತಿ ಭೇದವೂ ಇಲ್ಲ.

2020ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಆಟ ಮರಳಿ ಬಂತು, ಈ ಸಲ ಮೂರು ಆವೃತ್ತಿಗಳಲ್ಲಿ. ವಿಮಾನಗಳು 20, 25, 30. ಕೈಯಾರೆ ವಿವರವಾಗಿ ಕಟ್ಟಿದ ನಿಲ್ದಾಣಗಳು 30, 35, 40. ಡಿಲಕ್ಸ್‌ಗೆ ಸೇರಿದ ಐದು ನಿಲ್ದಾಣಗಳು ಆಮ್‌ಸ್ಟರ್‌ಡ್ಯಾಮ್, ಕೈರೊ, ಕೇಪ್‌ಟೌನ್, ಷಿಕಾಗೊ ಓಹೇರ್, ಮ್ಯಾಡ್ರಿಡ್. ಪ್ರೀಮಿಯಂನವು ಡೆನ್ವರ್, ದುಬೈ, ಫ್ರಾಂಕ್‌ಫರ್ಟ್, ಹೀಥ್ರೂ, ಸ್ಯಾನ್‌ಫ್ರಾನ್ಸಿಸ್ಕೊ. ನಮ್ಮ ಸುತ್ತಲಿನ ಭೂತಾನದ ಪಾರೊ, ನೇಪಾಳದ ಲುಕ್ಲಾ ಅಗ್ಗದ ಸ್ಟ್ಯಾಂಡರ್ಡ್‌ನಲ್ಲೇ ಇದ್ದವು. ಆ ನಲವತ್ತರಲ್ಲಿ ಭಾರತದ್ದು ಒಂದೂ ಇರಲಿಲ್ಲ. ಹಾಗಾದರೆ ಲೋಹಗಾಂವ್? ಅದು ಉಳಿದ 37,000 ನಿಲ್ದಾಣಗಳ ಜೊತೆ ಮೂರೂ ಆವೃತ್ತಿಗಳಲ್ಲಿತ್ತು. ಉಪಗ್ರಹದ ಚಿತ್ರಗಳನ್ನು ಓದಿ ಯಂತ್ರವೇ ಬಿಡಿಸಿದ ನಿಲ್ದಾಣ ಅದು. ಎಷ್ಟು ದುಡ್ಡು ಕೊಟ್ಟರೂ ಅದಕ್ಕಿಂತ ಒಳ್ಳೆಯ ಲೋಹಗಾಂವ್ ಪೆಟ್ಟಿಗೆಯಲ್ಲಿ ಸಿಗುತ್ತಿರಲಿಲ್ಲ.

ವಿಮಾನಗಳ ಪಟ್ಟಿಯಲ್ಲಿ ಇನ್ನೊಂದು ಸ್ವಾರಸ್ಯ. 2006ರಲ್ಲಿ ಜಿ1000 ಇರುವ ಸೆಸ್ನಾ 172 ಬೇಕಾದವರು ಡಿಲಕ್ಸ್ ಕೊಳ್ಳಬೇಕಿತ್ತು. 2020ರಲ್ಲಿ ಅದು ತಿರುವುಮುರುವಾಯಿತು: ಪರದೆಗಳ ಸೆಸ್ನಾ ಸ್ಟ್ಯಾಂಡರ್ಡ್‌ಗೆ ಇಳಿಯಿತು, ಹಳೆಯ ಮುಳ್ಳಿನ ಮಾಪಕಗಳ ಸೆಸ್ನಾ ಡಿಲಕ್ಸ್‌ಗೆ ಏರಿತು. ಹದಿನಾಲ್ಕು ವರ್ಷಗಳಲ್ಲಿ ಯಾವುದು ಅಪರೂಪವೋ ಅದಕ್ಕೆ ಬೆಲೆ ಬಂತು. ಕಲಿಯುವ ಹುಡುಗನ ಅಗತ್ಯಕ್ಕೂ ಈ ಅದಲುಬದಲಿಗೂ ಸಂಬಂಧವಿಲ್ಲ. ಮುಳ್ಳಿನ ಮಾಪಕ ಓದಲು ಕಲಿಯಬೇಕೆಂದರೆ ಸ್ಟ್ಯಾಂಡರ್ಡ್‌ನಲ್ಲಿದ್ದ ಪುಟ್ಟ ಸೆಸ್ನಾ 152 ಸಾಕಾಗಿತ್ತು.

ಪುಣೆಗೂ ಹಾರಾಟಕ್ಕೂ ಇರುವ ನಂಟಿನಲ್ಲಿ ಗ್ಲೈಡರ್‌ಗೆ ವಿಶೇಷ ಸ್ಥಾನ. ಹಡಪ್ಸರಿನಲ್ಲಿ ಡಿಜಿಸಿಎ ನಡೆಸಿಕೊಂಡು ಬಂದ ಗ್ಲೈಡಿಂಗ್ ಕೇಂದ್ರದಲ್ಲಿ, ಎಂಜಿನ್ ಇಲ್ಲದ ವಿಮಾನವನ್ನು ವಿಂಚಿಗೆ ಕಟ್ಟಿದ ಹಗ್ಗದಿಂದ ಎಳೆದು ಮೇಲೇರಿಸುವುದನ್ನು ಎರಡು ಮೂರು ತಲೆಮಾರಿನ ಪುಣೇಕರರು ನೋಡಿದ್ದಾರೆ. 2020ರ ಆಟದಲ್ಲಿ ಮೊದಲು ಗ್ಲೈಡರ್ ಇರಲಿಲ್ಲ. 2022ರ ನವೆಂಬರಿನಲ್ಲಿ, ನಲವತ್ತನೇ ವರ್ಷದ ನೆನಪಿಗೆ, ಗ್ಲೈಡರ್‌ಗಳೂ ಹೆಲಿಕಾಪ್ಟರ್‌ಗಳೂ ಕಣ್ಮರೆಯಾಗಿದ್ದ ಮೆಗ್ಸ್ ಫೀಲ್ಡೂ ಬಂದವು. ಸ್ಟ್ಯಾಂಡರ್ಡ್ ಕೊಂಡವರಿಗೂ ಪ್ರೀಮಿಯಂ ಕೊಂಡವರಿಗೂ ಸಮಾನವಾಗಿ, ಪುಕ್ಕಟೆಯಾಗಿ.

ಈಗ 2024ರ ಆಟ. ಆರಂಭದ ಲೆಕ್ಕದಂತೆ ನಾಲ್ಕು ಆವೃತ್ತಿಗಳಲ್ಲಿ ಕ್ರಮವಾಗಿ 70, 80, 95 ಮತ್ತು 125 ವಿಮಾನಗಳು. ಎಪ್ಪತ್ತು ವಿಮಾನಗಳೇ ಒಬ್ಬ ಹುಡುಗನಿಗೆ ವರ್ಷಗಟ್ಟಲೆ ಸಾಕು. ಇಲ್ಲಿ ಗಮನಿಸಬೇಕಾದ್ದು ಬೇರೆ. ಹಿಂದಿನ ಆಟಕ್ಕೆ ಡಿಸ್ಕಿನಲ್ಲಿ 150 ಜಿಬಿ ಜಾಗ ಬೇಕಿತ್ತು. ಇದಕ್ಕೆ 50 ಸಾಕು, ಉಳಿದ ಜಗತ್ತು ಹಾರುತ್ತಿರುವಾಗಲೇ ಇಂಟರ್ನೆಟ್ಟಿನಿಂದ ಇಳಿದು ಬರುತ್ತದೆ. 2024ರ ನವೆಂಬರ್ 19ರಂದು ಬಿಡುಗಡೆಯಾದಾಗ ಸರ್ವರ್‌ಗಳು ಒತ್ತಡ ತಾಳದೆ ಬಹಳ ಜನ ಗಂಟೆಗಟ್ಟಲೆ ಹೊರಗೇ ಕಾದರು. 200 ಡಾಲರ್ ಕೊಟ್ಟವರೂ ಅದೇ ಸಾಲಿನಲ್ಲಿದ್ದರು. ಹಾಗಾಗಿ ಅಳಿಯನಿಗೆ ಮೊದಲು ನೋಡಲು ಹೇಳಿದ್ದು ಆವೃತ್ತಿಯನ್ನಲ್ಲ, ಮನೆಯ ಇಂಟರ್ನೆಟ್ ವೇಗವನ್ನು, ಆಮೇಲೆ ರ‍್ಯಾಮ್. ಕನಿಷ್ಠ 16 ಜಿಬಿ ಬೇಕು, ಅವನಲ್ಲಿ ಅಷ್ಟಿತ್ತು. ಎರಡೂ ಆಟಗಳ ಸ್ಟ್ಯಾಂಡರ್ಡ್ ಆವೃತ್ತಿ ಬಿಡುಗಡೆಯ ದಿನವೇ ಗೇಮ್ ಪಾಸ್ ಚಂದಾದಲ್ಲಿ ಸಿಕ್ಕಿದ್ದರಿಂದ, ಒಂದು ತಿಂಗಳ ಚಂದಾ ಕಟ್ಟಿ ಯಂತ್ರ ತಾಳುತ್ತದೆಯೇ ಎಂದು ನೋಡುವ ದಾರಿಯೂ ಇತ್ತು.

ನಾವು ಹಾಗೇ ಮಾಡಿದೆವು. ಯಂತ್ರ ತಾಳಿತು. ತಿಂಗಳಾದ ಮೇಲೆ ಸ್ಟ್ಯಾಂಡರ್ಡ್ ಕೊಂಡೆವು. ಅಳಿಯನ ಮುಖ ಸ್ವಲ್ಪ ಸಣ್ಣದಾಯಿತು. ಉಳಿದ ದುಡ್ಡಿನಲ್ಲಿ ಒಂದು ಜಾಯ್‌ಸ್ಟಿಕ್ ಬಂದಾಗ ಸರಿಹೋಯಿತು. ಕೀಬೋರ್ಡಿನ ಗುಂಡಿ ಒತ್ತಿ ಹಾರುವುದಕ್ಕೂ ಕೈಯಲ್ಲಿ ದಂಡ ಹಿಡಿದು ಹಾರುವುದಕ್ಕೂ ಇರುವ ವ್ಯತ್ಯಾಸ ಯಾವ ಎರಡು ಆವೃತ್ತಿಗಳ ನಡುವೆಯೂ ಇಲ್ಲ.

ಮೊದಲ ದೊಡ್ಡ ಹಾರಾಟಕ್ಕೆ ದಾರಿ ಆರಿಸಿದ್ದು ನಾನು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಅಂಚೆ ತಂದರು. ಅಲ್ಲಿಂದ ಮದ್ರಾಸಿಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರು ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಜುಹುವಿನ ಮಣ್ಣಿನ ನಿಲ್ದಾಣ ಮಳೆಗಾಲದಲ್ಲಿ ಕೆಸರಾಗುತ್ತಿದ್ದರಿಂದ ಟಾಟಾ ಅಂಚೆ ವಿಮಾನಗಳು ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಬಂದು, ಯರವಡಾ ಜೈಲಿನ ಬುಡದ ಮೈದಾನದಿಂದ ಹಾರುತ್ತಿದ್ದವು. ಆ ಜೈಲಿರುವುದು ಅಕ್ಕನ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಅಳಿಯನಿಗೆ ಇದು ಗೊತ್ತೇ ಇರಲಿಲ್ಲ.

ಎರಡನ್ನೂ ಜೋಡಿಸಿ ನಾವೇ ಒಂದು ದಾರಿ ಮಾಡಿಕೊಂಡೆವು: ಲೋಹಗಾಂವ್‌ನಿಂದ ಬಳ್ಳಾರಿಯ ಕಡೆಗೆ, ಆಗ್ನೇಯ ದಿಕ್ಕಿನಲ್ಲಿ ಸುಮಾರು 490 ಕಿಲೋಮೀಟರ್, ಸೆಸ್ನಾ 172ರಲ್ಲಿ ಎರಡೂವರೆ ತಾಸು. ಮೊದಲು ಮುಳಾ-ಮುಠಾ, ಆಮೇಲೆ ನೀರಾ, ಆಲಮಟ್ಟಿಯ ಹತ್ತಿರ ಕೃಷ್ಣೆ, ಕೊನೆಗೆ ತುಂಗಭದ್ರೆ. ಧಾರವಾಡದಿಂದ ಮೂವತ್ತು ವರ್ಷಗಳ ಹಿಂದೆ ಬಸ್ಸಿನಲ್ಲಿ ಪುಣೆಗೆ ಬಂದ ಭಾವ ಕುರ್ಚಿ ಎಳೆದುಕೊಂಡು ಕೂತರು. ತಾಸಿನ ಲೆಕ್ಕ ಅವರು ಮತ್ತೆ ಕೇಳಲಿಲ್ಲ. ಆಲಮಟ್ಟಿಯ ಹಿನ್ನೀರು ಕಂಡಾಗ ಮಾತ್ರ, “ಸ್ವಲ್ಪ ಕೆಳಗ ಇಳಸೋ, ನೋಡೂಣು” ಎಂದರು.