ಗಾಯಕಿಯರೂ ಶ್ರೋತೃಗಳೂ : ಒಂದು ಐತಿಹಾಸಿಕ ವಿವೇಚನೆ



ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಜಾತ್ರೆಗಳಲ್ಲಿ ತೇರು ಎಳೆದ ರಾತ್ರಿ ಸಂಗೀತ ಕಾರ್ಯಕ್ರಮ ನಡೆಯುವುದು ವಾಡಿಕೆ. ವೇದಿಕೆಯ ಮೇಲೆ ಗಂಡಸು ಹಾಡಲು ಕುಳಿತರೆ "ಇವರ ಗುರುಗಳು ಯಾರು?" ಎಂದು ಜನ ಕೇಳುತ್ತಾರೆ. ಹೆಣ್ಣುಮಗಳು ಕುಳಿತರೆ "ಈಕಿ ಯಾರ ಪೈಕಿ? ಲಗ್ನ ಆಗೇತೇನು?" ಎಂದು ಕೇಳುತ್ತಾರೆ. ಹಾಡು ಇಬ್ಬರದೂ ಸೊಗಸಾಗಿಯೇ ಇರುತ್ತದೆ. ತಲೆದೂಗುವವರೂ ಅದೇ ಜನರೇ. ಪ್ರಶ್ನೆ ಮಾತ್ರ ಬೇರೆ. ತಮ್ಮ ಮನೆಯ ಮಗುವಿಗೆ ಕಂಠವಿದೆ ಎಂದು ತಿಳಿದೂ ಸಂಗೀತಶಾಲೆಗೆ ಕಳಿಸಲು ಹಿಂಜರಿಯುವ ತಾಯಂದಿರ ಮನಸ್ಸಿನಲ್ಲಿ ಇರುವುದು ಈ ಎರಡನೆಯ ಪ್ರಶ್ನೆಯೇ. ಅದು ಎಲ್ಲಿಂದ ಬಂತು, ಎಂದಿನಿಂದಲೂ ಹೀಗೆಯೇ ಇತ್ತೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ದೂರ ಹೋಗಬೇಕಾಗಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆಯನ್ನು ತಾವೆಲ್ಲ ನೋಡಿದ್ದೀರಿ. ಆ ಊರಿನ ಅಕ್ಕಸಾಲಿಗನೊಬ್ಬನ ಮಗಳ ಕಾರಣದಿಂದ 1406ರಲ್ಲಿ ಎರಡು ರಾಜ್ಯಗಳು ಕಾದಾಡಿದವೆಂದು ಫೆರಿಸ್ತಾ ಎಂಬ ಚರಿತ್ರಕಾರನು ಬರೆದಿದ್ದಾನೆ. ಕಾಶಿಯಾತ್ರೆ ಮುಗಿಸಿ ವಿಜಯನಗರಕ್ಕೆ ಮರಳುತ್ತಿದ್ದ ವೃದ್ಧ ಬ್ರಾಹ್ಮಣನೊಬ್ಬ ಆ ಮನೆಯಲ್ಲಿ ತಂಗಿದನು. ಹುಡುಗಿಯನ್ನು ಮಗಳಂತೆ ಭಾವಿಸಿ ಸುಮಾರು ಒಂದೂವರೆ ವರ್ಷ ಅಲ್ಲಿಯೇ ನಿಂತು ಸಂಗೀತ ನೃತ್ಯಗಳನ್ನು ಕಲಿಸಿದನು. ಆಕೆಯ ಹೆಸರು ಪರ್ತಾಲ್ ಎಂದು ಹೇಳುತ್ತಾರೆ. ಬ್ರಾಹ್ಮಣನ ಬಾಯಿಂದ ವರ್ಣನೆ ಕೇಳಿದ ಒಂದನೆಯ ದೇವರಾಯನು ಆಭರಣ ಉಡುಗೊರೆಗಳನ್ನು ಕೊಟ್ಟು ಅವನನ್ನೇ ಕಳಿಸಿದನು. ತಂದೆತಾಯಿಗಳು ಹಿಗ್ಗಿದರು. ಹುಡುಗಿ ಕಂಠಹಾರವನ್ನು ಮುಟ್ಟಲಿಲ್ಲ. ಅರಮನೆಯ ಅಂತಃಪುರಕ್ಕೆ ಹೋದವಳು ಮತ್ತೆ ತನ್ನ ಬಂಧುಗಳ ಮುಖ ನೋಡುವಂತಿಲ್ಲ, ಅಂಥ ಐಶ್ವರ್ಯ ತನಗೆ ಬೇಡ ಎಂದಳು. ದೊರೆ ಕುದುರೆ ಸವಾರರನ್ನು ಕಳಿಸಿದನು. ಅವರು ಬರುವುದರೊಳಗೆ ಆ ಸಂಸಾರ ಊರು ಬಿಟ್ಟಿತ್ತು. ದಂಡು ಸುತ್ತಲ ಸೀಮೆಯನ್ನು ಕೊಳ್ಳೆ ಹೊಡೆದು ಹಿಂದಿರುಗಿತು. ಬಹಮನಿ ಸುಲ್ತಾನ ಫಿರೋಜಷಹನು ಇದನ್ನೇ ನೆಪಮಾಡಿಕೊಂಡು ವಿಜಯನಗರದ ಮೇಲೆ ಏರಿ ಹೋದನು. ಕೊನೆಗೆ ದೇವರಾಯನು ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟು, ಬಂಕಾಪುರವನ್ನೂ ಒಪ್ಪಿಸಬೇಕಾಯಿತು. ಪರ್ತಾಲಳನ್ನು ಸುಲ್ತಾನನ ಮಗ ಹಸನ್‌ಖಾನನಿಗೆ ಲಗ್ನ ಮಾಡಿದರು.

ಫೆರಿಸ್ತಾ ಇದನ್ನು ಬರೆದದ್ದು ಸುಮಾರು 200 ವರ್ಷಗಳ ಅನಂತರ, ವಿಜಾಪುರದ ಆಶ್ರಯದಲ್ಲಿ ಕುಳಿತು. ಆದುದರಿಂದ ಪಂಡಿತರು ಇದನ್ನು ಅಕ್ಷರಶಃ ನಂಬುವುದಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಫಲವತ್ತಾದ ದೋಆಬಿಗಾಗಿ ಹೋರಾಡಲು ಆ ಎರಡು ರಾಜ್ಯಗಳಿಗೆ ಒಬ್ಬ ಹುಡುಗಿಯ ನೆಪ ಬೇಕಾಗಿರಲಿಲ್ಲ. ಆದರೂ ಕಥೆಯೊಳಗಿನ ಒಂದು ಸಂಗತಿ ವಿಚಾರಣೀಯವಾಗಿದೆ. ಅಕ್ಕಸಾಲಿಗರ ಮನೆಯ ಮಗಳು ಹಾಡು ಕಲಿತದ್ದರಲ್ಲಿ ಆ ಚರಿತ್ರಕಾರನಿಗೆ ಕುಂದು ಕಾಣಲಿಲ್ಲ. ಅವಳ ವಿದ್ಯೆ ಅವನಿಗೆ ಭೂಷಣವಾಗಿಯೇ ಕಂಡಿತು. ಆದರೆ ಆ ವಿದ್ಯೆಯ ಸುದ್ದಿ ಕೇಳಿದ ದೊರೆಗೆ ಹುಟ್ಟಿದ್ದು ಅವಳ ಗಾನವನ್ನು ಕೇಳಬೇಕೆಂಬ ಆಸೆಯಲ್ಲ, ಅವಳನ್ನೇ ಪಡೆಯಬೇಕೆಂಬ ಆಸೆ. ಕೇಳುವ ಕಿವಿಗೂ ನೋಡುವ ಕಣ್ಣಿಗೂ ಇರುವ ಈ ಅಂತರವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅದಕ್ಕೂ ಹಿಂದೆ ಕಲ್ಯಾಣದ ಕಾಲದಲ್ಲಿ ಸ್ಥಿತಿ ಬೇರೆಯಾಗಿತ್ತೆಂದು ಶಾಸನಗಳಿಂದ ತಿಳಿಯುತ್ತದೆ. ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ ನೃತ್ಯದಲ್ಲಿ ನಿಪುಣೆಯೆಂದು ಬಿರುದು ಪಡೆದವಳು. ಬಿಜ್ಜಳನ ಮಗ ಸೋವಿದೇವನ ರಾಣಿ ಸಾವಳದೇವಿ ತುಂಬಿದ ಸಭೆಯಲ್ಲಿಯೇ ತನ್ನ ಗಾನನರ್ತನಗಳನ್ನು ತೋರಿಸಿದಳು. ಪಟ್ಟದ ರಾಣಿಯೇ ಹಾಡಿದಾಗ ಶಾಸನಕವಿ ಅದನ್ನು ಹೊಗಳಿ ಕಲ್ಲಿನಲ್ಲಿ ಕೊರೆಸಿದನೇ ಹೊರತು ಮುಚ್ಚಿಡಲಿಲ್ಲ.

ವಿಜಯನಗರದ ಸಂಗತಿ ಇನ್ನೂ ಸ್ವಾರಸ್ಯವಾದುದು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಪಾಯೆಸನೂ ಅನಂತರ ಬಂದ ನೂನಿಜನೂ ಹೆಣ್ಣುಮಕ್ಕಳ ಮೇಳಗಳನ್ನು ಕಂಡು ಬೆರಗಾಗಿದ್ದಾರೆ. ಅರಮನೆಯೊಳಗೆ ವಾದ್ಯ ನುಡಿಸುವವರೂ ಹಾಡುವವರೂ ಸ್ತ್ರೀಯರೇ. ಲೆಕ್ಕ ಬರೆಯುವವರೂ, ಕುಸ್ತಿ ಆಡುವವರೂ ಅವರಲ್ಲಿದ್ದರು. ರಾಣಿಯರೂ ಸಂಗೀತ ಬಲ್ಲವರೆಂದು ನೂನಿಜನ ಮಾತು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುಣಿಯುವ ಹೆಣ್ಣುಗಳನ್ನು ಇಂದಿಗೂ ನೋಡಬಹುದು. ಗುಡಿಯ ನರ್ತಕಿಯರಿಗೆ ಭೂಮಿಯೂ ಪಲ್ಲಕ್ಕಿಯೂ ಇದ್ದವು. ರಾಣಿಯರೆದುರು ಕುಳಿತು ಅವರೊಡನೆ ವೀಳ್ಯ ಮೆಲ್ಲುವ, ಬೇರೆ ಯಾರಿಗೂ ಇಲ್ಲದ ಅಧಿಕಾರವೂ ಇತ್ತು ಎಂದು ಪಾಯೆಸ ಹೇಳುತ್ತಾನೆ. ಆದರೆ ಅದೇ ಬರವಣಿಗೆಯಲ್ಲಿ ಅವರ ನಡತೆಯ ಬಗ್ಗೆ ಹಗುರವಾದ ಮಾತೂ ಇದೆ. ಸಂಪತ್ತು ಕೊಟ್ಟರು, ಸನಿಹ ಕೊಟ್ಟರು, ಸಂಸಾರಸ್ಥರ ಸಾಲಿನಲ್ಲಿ ಜಾಗ ಕೊಡಲಿಲ್ಲ. ಅರಸೊತ್ತಿಗೆಗಳು ಅಳಿದ ಮೇಲೆ ಸಂಪತ್ತೂ ಸನಿಹವೂ ಹೋದವು. ಹಗುರವಾದ ಮಾತು ಮಾತ್ರ ಉಳಿಯಿತು.

ಈ ಮಾತಿಗೆ ಎದೆಕೊಟ್ಟು ನಿಂತ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಚರಿತ್ರೆಯನ್ನು ತಾವು ಅವಶ್ಯ ತಿಳಿಯಬೇಕು. ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಕುಲದಲ್ಲಿ ಹುಟ್ಟಿದವರು. ಮದರಾಸಿನಲ್ಲಿ ಹೆಸರು ಮಾಡಿದವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದ್ದಾಗ ತಮ್ಮ ದುಡಿಮೆಯ ಹಣ ಸುರಿದು ಅದಕ್ಕೆ ಗುಡಿ ಕಟ್ಟಿಸಿದರು, 1925ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಪ್ರತಿವರ್ಷದ ಆರಾಧನೆಯನ್ನು ನಡೆಸುತ್ತಿದ್ದ ವಿದ್ವಾಂಸರ ಎರಡು ಪಕ್ಷಗಳು ಹೆಂಗಸರು ಅಲ್ಲಿ ಹಾಡಕೂಡದೆಂದವು. ಗುಡಿ ಕಟ್ಟಿಸಿದವಳ ಹಣ ಮಡಿ, ಕಂಠ ಮೈಲಿಗೆ! ನಾಗರತ್ನಮ್ಮನವರು ಅತ್ತು ಕೂಡಲಿಲ್ಲ. 1927ರಿಂದ ಹಾಡುವ ಹೆಣ್ಣುಮಕ್ಕಳನ್ನು ಕೂಡಿಸಿ ಮೂರನೆಯ ಪಕ್ಷವನ್ನೇ ಕಟ್ಟಿ, ಅದೇ ದಿನಗಳಲ್ಲಿ ಆರಾಧನೆ ನಡೆಸಿದರು. ಜನರು ಅದನ್ನು 'ಹೆಂಗಸರ ಕಕ್ಷಿ' ಎಂದೇ ಕರೆದರು. 1940ರ ದಶಕದ ಆರಂಭದಲ್ಲಿ ಮೂರೂ ಪಕ್ಷಗಳು ಒಂದಾಗಿ ಸ್ತ್ರೀಯರ ಗಾನಕ್ಕೆ ಒಪ್ಪಿಗೆ ದೊರೆಯಿತು. 1952ರಲ್ಲಿ ನಾಗರತ್ನಮ್ಮನವರು ತೀರಿಕೊಂಡಾಗ ತ್ಯಾಗರಾಜರ ಸನ್ನಿಧಿಯ ಹತ್ತಿರವೇ ಅವರಿಗೆ ಸಮಾಧಿಯಾಯಿತು.

ನಮ್ಮ ಉತ್ತರ ಭಾಗದ ಗಂಗೂಬಾಯಿ ಹಾನಗಲ್ಲರದು ಬೇರೊಂದು ಬಗೆಯ ಹೋರಾಟ. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ವಿದುಷಿ. ಚಿಕ್ಕಂದಿನಲ್ಲಿ ಶ್ರೀಮಂತರೊಬ್ಬರ ತೋಟದ ಮಾವಿನಹಣ್ಣು ಕದ್ದಾಗ, ಕಳವಿಗಿಂತ ಹಾಡುವವಳ ಮಗಳು ತೋಟದಲ್ಲಿ ಕಾಲಿಟ್ಟಳೆಂಬುದೇ ಅವರ ಸಿಟ್ಟಿಗೆ ಕಾರಣವಾಯಿತು. ಮುಂದೆ ಅದೇ ಮನೆಯವರು ತಮ್ಮನ್ನು ಊಟಕ್ಕೆ ಕರೆದರೆಂದು ಗಂಗೂಬಾಯಿಯವರೇ ಹೇಳುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದ ಬಾಲಕಿಗೆ ಇದ್ದ ಅಂಜಿಕೆ ಶ್ರುತಿ ತಾಳಗಳದಲ್ಲ. ಊಟವಾದ ಮೇಲೆ ಜಾತಿ ನೋಡಿ ಎಲೆ ತೆಗೆಯಲು ಹಚ್ಚುವರೋ ಎಂಬುದು. ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುವಾಗ ಓಣಿಯ ಜನ ಆಡಿಕೊಳ್ಳುತ್ತಿದ್ದರು. ಗಂಟಲಿನ ಚಿಕಿತ್ಸೆಯಾದ ಬಳಿಕ ಅವರ ಧ್ವನಿ ಗಡಸಾಯಿತು. ರೇಡಿಯೋದಲ್ಲಿ ಕೇಳಿದವರು ಗಂಡಸಿನ ಧ್ವನಿ ಎಂದೇ ತಿಳಿದುದುಂಟು. ಗಂಡಸಾದ ಗಾಯಕನು ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಣ್ಣು ಎಷ್ಟು ದೊಡ್ಡವಳಾದರೂ 'ಬಾಯಿ' ಆಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಗಿದೆ. 2002ರಲ್ಲಿ ಪದ್ಮವಿಭೂಷಣ ಬಂದಾಗಲೂ ಅವರು ಗಂಗೂಬಾಯಿಯೇ. 2009ರಲ್ಲಿ ಅವರು ತೀರಿಕೊಂಡರು.

ರೇಡಿಯೋದ ಮಾತು ಬಂದುದರಿಂದ ಒಂದು ವಿಷಯ ಹೇಳಬೇಕು. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಗಾಯಕಿಯನ್ನು ಮನೆಯ ಹೊಸ್ತಿಲು ದಾಟಿಸದ ಸಂಸಾರಸ್ಥರು ಅವಳ ಧ್ವನಿಯನ್ನು ಪಡಸಾಲೆಯಲ್ಲಿ ಕೂಡ್ರಿಸಿ ಕೇಳಿದರು. ಕಣ್ಣಿಗೆ ಕೆಲಸವಿಲ್ಲದಾಗ ಕಿವಿ ನ್ಯಾಯವಾಗಿ ನಡೆದುಕೊಂಡಿತು. ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಬಹುದೆಂಬ ಧೈರ್ಯ ಎಷ್ಟೋ ಮನೆಗಳಿಗೆ ಬಂದದ್ದು ಯಾವ ಉಪದೇಶದಿಂದಲೂ ಅಲ್ಲ, ಆ ಮರದ ಪೆಟ್ಟಿಗೆಯಿಂದ ಎಂದು ನನ್ನ ಅಭಿಪ್ರಾಯ.

ನಾಟಕದ ಪರದೆಯ ಮುಂದೆ ಇಂಥ ಮರೆ ಇರಲಿಲ್ಲ. ಅಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಹಾಕುತ್ತಿದ್ದ ಕಾಲದಲ್ಲಿ ಶ್ರೋತೃಗಳಿಗೆ ಯಾವ ಆಕ್ಷೇಪವೂ ತೋರಲಿಲ್ಲ. 1958ರಲ್ಲಿ ಆರ್. ನಾಗರತ್ನಮ್ಮನವರು ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ ರಾವಣರ ಪಾತ್ರಗಳನ್ನು ಹೆಂಗಸರೇ ಧರಿಸಿದಾಗ ಮಾತ್ರ ಅದು ಅಚ್ಚರಿಯ ಸುದ್ದಿಯಾಯಿತು.

ಶರಣರ ಚರಿತ್ರೆ ಬಲ್ಲ ತಮಗೆ ಇನ್ನೊಂದನ್ನು ನೆನಪಿಸಿದರೆ ಸಾಕು. ಅಲ್ಲಮಪ್ರಭುಗಳು ಮದ್ದಳೆಯ ಕುಲದವರೆಂದು ಕಾವ್ಯಗಳು ಹೇಳುತ್ತವೆ. ವಚನಕಾರ್ತಿಯರ ಸಾಲಿನಲ್ಲಿ ಸೂಳೆ ಸಂಕವ್ವೆಯ ಹೆಸರೂ ಅಂಕಿತವೂ ಉಳಿದು ಬಂದಿವೆ. ಜಾತ್ರೆಯ ವೇದಿಕೆಯ ಮೇಲೆ ವಚನ ಹಾಡಿದ ಹೆಣ್ಣುಮಗಳನ್ನು ಪ್ರಸಾದದ ಪಂಕ್ತಿಯಲ್ಲಿ ಎಲ್ಲಿ ಕೂಡ್ರಿಸಬೇಕೆಂದು ಗುಸುಗುಸು ನಡೆಸುವ ಸಮಿತಿಗಳವರು ಇದನ್ನು ಓದಿಕೊಳ್ಳಬೇಕು. ಕರಪತ್ರದಲ್ಲಿ ಗಂಡು ಗಾಯಕನಿಗೆ ಗುರುಗಳ ಹೆಸರನ್ನೂ ಘರಾಣೆಯನ್ನೂ ಅಚ್ಚು ಹಾಕಿಸಿ, ಗಾಯಕಿಗೆ ಬರಿ 'ಸಂಗಡಿಗರು' ಎಂದು ಸೇರಿಸುವ ಪದ್ಧತಿಯನ್ನು ಇದೇ ಜಾತ್ರೆಯಿಂದ ಬಿಡಬಹುದು. ಅದಕ್ಕೆ ಖರ್ಚೇನೂ ಇಲ್ಲ.

ಈ ಭಾಗದ ಹಳ್ಳಿಗಳ ಹಳೆಯ ಶ್ರೋತೃಗಳು ನಮಗಿಂತ ಉದಾರಿಗಳಾಗಿದ್ದರೆಂದು ಒಮ್ಮೊಮ್ಮೆ ಅನಿಸುತ್ತದೆ. ಬುರ್ರಕಥೆಯ ಮೇಳವನ್ನು ನೋಡಿರಿ. ಮುಂದೆ ನಿಂತು ಕಥೆ ನಡೆಸುವವಳು ಹೆಣ್ಣು. ಪಕ್ಕದಲ್ಲಿ ಬುರ್ರ ಬಾರಿಸುತ್ತ ದನಿಗೂಡಿಸುವವರೂ ಅವಳ ಮನೆಯ ಹೆಣ್ಣುಮಕ್ಕಳೇ. ತುಂಗಭದ್ರೆಯ ಆಚೆ ಸಂಡೂರು ಸೀಮೆಯ ದರೋಜಿಯ ಈರಮ್ಮ ಹೀಗೆಯೇ ಊರೂರು ತಿರುಗಿ ಹಾಡಿದವರು. ಅಲೆಮಾರಿಗಳಾದ ಬುಡ್ಗ ಜಂಗಮರಲ್ಲಿ ಹುಟ್ಟಿದ ಆಕೆಗೆ ಓದು ಬರಹ ಬಾರದು. ಕುಮಾರರಾಮನ ಕಥೆ ಮೊದಲಾದ ದೊಡ್ಡ ದೊಡ್ಡ ಕಾವ್ಯಗಳು ಬಾಯಲ್ಲಿಯೇ ಇದ್ದವು. ಒಂದೊಂದು ಕಥೆಗೆ ರಾತ್ರಿಗಳೇ ಬೇಕಾಗುತ್ತಿದ್ದವು. ಕೇಳಿದ ಒಕ್ಕಲಿಗರು ಜೋಳ ತಂದು ಸುರಿಯುತ್ತಿದ್ದರು. ಕಥೆ ಅರ್ಧಕ್ಕೆ ನಿಂತರೆ ನಾಳೆಗೂ ಇರಿಸಿಕೊಳ್ಳುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯ ಕಾವ್ಯಗಳನ್ನು ಬರೆಸಿಕೊಂಡು ಅಚ್ಚು ಹಾಕಿಸಿತು, ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ಆಕೆ ತೀರಿಕೊಂಡರು. ಆ ಪುಸ್ತಕಗಳು ದೊರೆಯುತ್ತವೆ. ತಮ್ಮ ಊರಿನ ವಾಚನಾಲಯಕ್ಕೆ ತರಿಸಿ ಓದಿರಿ.